ಕ್ಷೇತ್ರಕಾರ್ಯದ ಟಿಪ್ಪಣಿಗೆ ಎರಡನೆಯ ಪ್ರತಿ

ಅಧ್ಯಾಪಕ ಮಿತ್ರರೆ, ಸಂಶೋಧನಾ ವಿದ್ಯಾರ್ಥಿಗಳೆ, ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹುಮಂದಿ ಊರೂರು ತಿರುಗಿ ಹಾಡು, ಕಥೆ, ಒಗಟು, ಸ್ಥಳನಾಮಗಳನ್ನು ಬರೆದುಕೊಳ್ಳುವವರು. ಹಿಂದೆ ಈ ಕೆಲಸಕ್ಕೆ ಗೆರೆ ಹಾಕಿದ ನೋಟ್‌ಪುಸ್ತಕ ಸಾಕಾಗುತ್ತಿತ್ತು. ಈಗ ಮೊಬೈಲ್‌ನಲ್ಲಿಯೇ ಬರೆದು, ಅಲ್ಲಿಯೇ ಫೋಟೊ ಸೇರಿಸಿ, ಧ್ವನಿಮುದ್ರಣವನ್ನೂ ಜೊತೆಗಿಡುತ್ತೇವೆ. ಕಪಾಟಿನಲ್ಲಿದ್ದ ನೋಟ್‌ಪುಸ್ತಕವನ್ನು ಯಾರು ಬೇಕಾದರೂ ತೆರೆದು ಓದಬಹುದಿತ್ತು. ಆ್ಯಪ್‌ನೊಳಗಿನ ಟಿಪ್ಪಣಿಯನ್ನು ಓದಬೇಕಾದರೆ ಆ ಆ್ಯಪ್ ಇರಬೇಕು, ನಮ್ಮ ಖಾತೆ ಜೀವಂತವಾಗಿರಬೇಕು, ಅದನ್ನು ನಡೆಸುವ ಸಂಸ್ಥೆಯ ನಿಯಮಗಳು ನಮಗೆ ಅನುಕೂಲವಾಗಿಯೇ ಉಳಿದಿರಬೇಕು. ನಿಯಮಗಳು ಬದಲಾಗುತ್ತವೆ ಎಂಬುದಕ್ಕೆ ಎವರ್‌ನೋಟ್ ಎಂಬ ಟಿಪ್ಪಣಿ ಆ್ಯಪ್ ಒಂದು ಉದಾಹರಣೆ: 2008ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಆ ಸೇವೆಯನ್ನು ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿ ಕೊಂಡುಕೊಂಡ ಮೇಲೆ, 2023ರ ಡಿಸೆಂಬರ್‌ನಲ್ಲಿ ಉಚಿತ ಖಾತೆಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂಬ ಮಿತಿ ಬಂತು. ಹಳೆಯ ಟಿಪ್ಪಣಿಗಳನ್ನು ಓದಲು, ಹೊರತೆಗೆಯಲು ಅವಕಾಶ ಉಳಿಯಿತಾದರೂ ಉಚಿತ ಖಾತೆಯನ್ನೇ ನಂಬಿ ಕೆಲಸ ಮಾಡುತ್ತಿದ್ದವರು ದಾರಿ ಬದಲಿಸಲೇಬೇಕಾಯಿತು.

ಆದ್ದರಿಂದ ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು. ನಮ್ಮ ಪ್ರತಿಯೊಂದು ಟಿಪ್ಪಣಿಗೂ, ಬರೆದ ಆ್ಯಪ್‌ನ ಹಂಗಿಲ್ಲದೆ ಓದಬಲ್ಲ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು. ಆ ಪ್ರತಿಯನ್ನು ನಾವು ನೆನಪಿಟ್ಟು ಮಾಡುವ ಬದಲು ಅದು ತಾನಾಗಿಯೇ ಆಗಬೇಕು. ಆಗಿದೆಯೋ ಇಲ್ಲವೋ ಎಂಬುದನ್ನು ಮಾತ್ರ ನಾವೇ ತೆರೆದು ನೋಡಬೇಕು.

ತಾನಾಗಿ ಆಗುವಂತೆ ಮಾಡಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಝ್ಯಾಪಿಯರ್ ಎಂಬ ಸೇವೆ, ಮೊದಲು ಇಂಟಿಗ್ರೊಮ್ಯಾಟ್ ಎಂಬ ಹೆಸರಿನಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿ 2022ರಲ್ಲಿ ಹೆಸರು ಬದಲಿಸಿಕೊಂಡ ಮೇಕ್, ನಮ್ಮದೇ ಕಂಪ್ಯೂಟರ್‌ನಲ್ಲಿ ನಡೆಸಿಕೊಳ್ಳಬಹುದಾದ ಎನ್‌8ಎನ್, ಇವೆಲ್ಲವೂ ಕೋಡ್ ಬರೆಯದೆ ಎರಡು ಸೇವೆಗಳನ್ನು ಜೋಡಿಸಿಕೊಡುತ್ತವೆ. ಎಲ್ಲದರ ತಳಹದಿಯೂ ಒಂದೇ: 'ಹೀಗಾದಾಗ' ಎಂಬ ಟ್ರಿಗರ್ ಒಂದು, 'ಹೀಗೆ ಮಾಡು' ಎಂಬ ಆಕ್ಷನ್ ಒಂದು. ನೋಷನ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿ ಹೊಸ ಟಿಪ್ಪಣಿ ಬಂದಾಗ ಗೂಗಲ್ ಡ್ರೈವ್‌ನ ಈ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡು ಎಂದು ಹೇಳಿದರೆ ಜೋಡಣೆ ಮುಗಿಯಿತು. ಜೋಡಿಸಲು ಅರ್ಧ ಗಂಟೆ ಸಾಕು. ನಮ್ಮ ಗಮನ ಬೇಕಾಗಿರುವುದು ಅದರ ನಂತರದ ಸಂಗತಿಗಳಿಗೆ.

ನನಗಾದ ನಷ್ಟವನ್ನೇ ಮೊದಲು ಹೇಳುತ್ತೇನೆ. ಒಂದು ಹಳ್ಳಿಯ ಜಗಲಿಯಲ್ಲಿ ಕುಳಿತು ಅಜ್ಜಿಯೊಬ್ಬರಿಂದ ಬೀಸುವ ಪದಗಳನ್ನು ಬರೆದುಕೊಳ್ಳುತ್ತಿದ್ದೆ. ಹಾಡು ಶುರುವಾದ ಕೂಡಲೇ ಮೊದಲ ಸಾಲನ್ನು ಶೀರ್ಷಿಕೆಯಾಗಿ ಟೈಪ್ ಮಾಡಿ, ಮುಂದಿನ ನುಡಿಗಳನ್ನು ಅವರು ಹಾಡಿದಂತೆ ಸೇರಿಸುತ್ತಾ ಹೋಗುವುದು ನನ್ನ ರೂಢಿ. ಮನೆಗೆ ಬಂದು ಡ್ರೈವ್ ನೋಡಿದರೆ ಎಲ್ಲ ಹಾಡುಗಳ ಹೆಸರಿನಲ್ಲಿಯೂ ಒಂದೊಂದು ಫೈಲ್ ಇತ್ತು. ಹೆಸರುಗಳನ್ನು ನೋಡಿ ಸಮಾಧಾನಪಟ್ಟೆ, ಒಳಗೆ ತೆರೆದು ನೋಡಲಿಲ್ಲ. ಕೆಲವು ತಿಂಗಳ ನಂತರ ಆ್ಯಪ್‌ನಲ್ಲಿ ಜಾಗ ಮಾಡಲೆಂದು ಆ ಊರಿನ ಟಿಪ್ಪಣಿಗಳನ್ನೆಲ್ಲ ಅಳಿಸಿದೆ. ಆಮೇಲೆ ಫೈಲ್‌ಗಳನ್ನು ತೆರೆದಾಗ ಕೆಲವುಗಳಲ್ಲಿ ಇದ್ದದ್ದು ಒಂದೇ ಸಾಲು. ಮತ್ತೆ ಆ ಊರಿಗೆ ಹೋದೆ. ಅಜ್ಜಿ ಬೇಸರವಿಲ್ಲದೆ ಹಾಡಿದರು. ಆದರೆ ಒಂದು ಪದದಲ್ಲಿ ಎರಡು ನುಡಿಗಳು ಬೇರೆಯಾಗಿದ್ದವು, ಇನ್ನೊಂದರಲ್ಲಿ ಕೊನೆಯ ನುಡಿ ಅವರಿಗೆ ನೆನಪಿಗೆ ಬರಲೇ ಇಲ್ಲ.

ಆದದ್ದೇನೆಂದರೆ, ಇಂಥ ಸೇವೆಗಳಲ್ಲಿ ಅನೇಕ ಟ್ರಿಗರ್‌ಗಳು ನಿಗದಿತ ಅಂತರದಲ್ಲಿ ಆ್ಯಪ್‌ಗೆ ಹೋಗಿ 'ಹೊಸದು ಏನಾದರೂ ಬಂದಿದೆಯೇ' ಎಂದು ವಿಚಾರಿಸುತ್ತವೆ. ಝ್ಯಾಪಿಯರ್, ಮೇಕ್ ಎರಡರ ಉಚಿತ ಖಾತೆಗಳಲ್ಲಿಯೂ ಈ ಅಂತರ 15 ನಿಮಿಷ. ವಿಚಾರಿಸುವ ಹೊತ್ತಿಗೆ ಟಿಪ್ಪಣಿಯಲ್ಲಿ ಎಷ್ಟಿದೆಯೋ ಅಷ್ಟನ್ನೇ ಅದು ಒಯ್ಯುತ್ತದೆ, ಮತ್ತು 'ಹೊಸ ಟಿಪ್ಪಣಿ' ಎಂಬ ಟ್ರಿಗರ್ ಒಮ್ಮೆ ಕಂಡ ಟಿಪ್ಪಣಿಯ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. 'ಬದಲಾದ ಟಿಪ್ಪಣಿ' ಎಂಬ ಟ್ರಿಗರ್ ಇಟ್ಟರೆ ಒಂದು ಅಲ್ಪವಿರಾಮ ತಿದ್ದಿದರೂ ಇನ್ನೊಂದು ಪ್ರತಿ ಹುಟ್ಟಬಹುದು. ಗೂಗಲ್ ಡ್ರೈವ್ ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಹತ್ತು ಫೈಲ್‌ಗಳನ್ನು ಇಟ್ಟುಕೊಳ್ಳಲು ಆಕ್ಷೇಪಿಸುವುದಿಲ್ಲವಾದ್ದರಿಂದ ಯಾವುದು ಕೊನೆಯದೆಂದು ಹುಡುಕುವುದೇ ಕೆಲಸವಾಗುತ್ತದೆ. ಈಗ ನಾನು 'ಬದಲಾದ ಟಿಪ್ಪಣಿ' ಟ್ರಿಗರನ್ನೇ ಇಟ್ಟು ಮಾಡುವುದು ಹೀಗೆ: ಪ್ರತಿ ಟಿಪ್ಪಣಿಗೆ 'ಸ್ಥಿತಿ' ಎಂಬ ಕಾಲಂ ಇಟ್ಟಿದ್ದೇನೆ. ಬರೆದು, ಒಮ್ಮೆ ಓದಿ, ತಿದ್ದಿದ ಮೇಲೆ ಅದನ್ನು 'ಮುಗಿದಿದೆ' ಎಂದು ಬದಲಿಸುತ್ತೇನೆ. ಆ ಮಾತು ಕಂಡರೆ ಮಾತ್ರ ಮುಂದೆ ಹೋಗಲು ಬಿಡುವ ಒಂದು ಫಿಲ್ಟರನ್ನು ನಡುವೆ ಇಟ್ಟಿದ್ದೇನೆ. ಪ್ರತಿ ಹೋದ ಮೇಲೆ ಜೋಡಣೆಯೇ ಆ ಕಾಲಂನಲ್ಲಿ 'ಪ್ರತಿಯಾಗಿದೆ' ಎಂದು ಬರೆದು ಹಿಂದಿರುಗುತ್ತದೆ.

ಫೋಟೊಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನೋಷನ್ ತನ್ನಲ್ಲಿ ಇಟ್ಟುಕೊಂಡಿರುವ ಚಿತ್ರಕ್ಕೆ ಹೊರಗಿನ ಸೇವೆಗಳು ಲಿಂಕ್ ಕೇಳಿದಾಗ ಕೊಡುವ ಲಿಂಕ್ ಒಂದು ಗಂಟೆ ಮಾತ್ರ ಕೆಲಸ ಮಾಡುತ್ತದೆ. ಆ ಲಿಂಕನ್ನಷ್ಟೇ ಫೈಲ್‌ಗೆ ಬರೆದಿಟ್ಟರೆ ಜೋಡಿಸಿ ಪರೀಕ್ಷಿಸಿದ ದಿನ ವೀರಗಲ್ಲಿನ ಫೋಟೊ ಚೆನ್ನಾಗಿಯೇ ತೆರೆಯುತ್ತದೆ, ಮರುದಿನ ತೆರೆಯುವುದಿಲ್ಲ. ಆದ್ದರಿಂದ ಚಿತ್ರವನ್ನು ಡೌನ್‌ಲೋಡ್ ಮಾಡಿ ಡ್ರೈವ್‌ಗೆ ಅಪ್‌ಲೋಡ್ ಮಾಡುವ ಒಂದು ಹೆಜ್ಜೆಯನ್ನು ಬೇರೆಯಾಗಿಯೇ ಸೇರಿಸಬೇಕು. ದೀರ್ಘವಾದ ಟಿಪ್ಪಣಿಗಳಿಗೂ ಇಂಥದೇ ತೊಡಕಿದೆ: ನೋಷನ್ ಒಂದು ಸಲ ಕೇಳಿದರೆ ಹೆಚ್ಚೆಂದರೆ 100 ಬ್ಲಾಕ್‌ಗಳನ್ನು, ಸರಿಸುಮಾರಾಗಿ ಹೇಳುವುದಾದರೆ 100 ಪ್ಯಾರಾಗಳನ್ನು, ಕೊಡುತ್ತದೆ. ಉಳಿದದ್ದಕ್ಕೆ ಮತ್ತೆ ಕೇಳಬೇಕು. ಮಲೆ ಮಾದಪ್ಪನ ಕಾವ್ಯದಂಥ ದೊಡ್ಡ ನಿರೂಪಣೆಯನ್ನು ಸಾಲು ಸಾಲಾಗಿ ಬರೆಯುವವರು ತಮ್ಮ ಪ್ರತಿಯ ಕೊನೆಯ ಸಾಲನ್ನು ಮೂಲದ ಕೊನೆಯ ಸಾಲಿನೊಂದಿಗೆ ಹೋಲಿಸಿ ನೋಡಲೇಬೇಕು.

ಇನ್ನು ಕನ್ನಡದಲ್ಲಿ ಬರೆಯುವ ನಮಗೇ ವಿಶೇಷವಾಗಿ ಎದುರಾಗುವ ಒಂದು ಸಂಗತಿ. 'ಕೋಲಾಟ' ಎಂಬ ಪದದ ಮೊದಲ ಅಕ್ಷರವನ್ನು ನೋಡಿ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು; ಏತ್ವ, ಕೊಂಬಿನ ಇಳಿ, ದೀರ್ಘ ಎಂಬ ಮೂರು ಸಂಕೇತಗಳ ಸಾಲಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. 'ಈ ಶೀರ್ಷಿಕೆಯ ಫೈಲ್ ಆಗಲೇ ಇದ್ದರೆ ಹೊಸದು ಮಾಡಬೇಡ' ಎಂದು ನಾವು ಹಾಕಿದ ನಿಯಮ ಇಂಥ ಕಡೆ ಸೋಲುತ್ತದೆ. ಅಲ್ಲದೆ ಆ ಸಂಕೇತಗಳನ್ನು ಫೈಲ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ನಾವು ಒಂದು ಅಕ್ಷರವೆಂದು ಓದುವ 'ಸ್ತ್ರೀ' 6 ಸಂಕೇತಗಳಾಗಿ 18 ಬೈಟ್ ತೆಗೆದುಕೊಳ್ಳುತ್ತದೆ. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಟ್4 ಫೈಲ್ ವ್ಯವಸ್ಥೆ ಒಂದು ಹೆಸರಿಗೆ ಕೊಡುವುದು 255 ಬೈಟ್ ಮಾತ್ರ. ಹಾಡಿನ ಮೊದಲ ಎರಡು ಸಾಲನ್ನೇ ಶೀರ್ಷಿಕೆ ಮಾಡುವವರು ಆ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಹಾಗಾಗಿ ಫೈಲ್ ಹೆಸರಿನಲ್ಲಿ ದಿನಾಂಕ, ಕ್ರಮಸಂಖ್ಯೆ, ಆಮೇಲೆ ಎರಡು ಮೂರು ಪದಗಳು ಇದ್ದರೆ ಸಾಕು. ಪ್ರತಿಯಾಗಿದೆಯೇ ಎಂದು ಪರೀಕ್ಷಿಸುವುದನ್ನು ಶೀರ್ಷಿಕೆಯಿಂದಲ್ಲ, ಆ್ಯಪ್ ಪ್ರತಿ ಟಿಪ್ಪಣಿಗೆ ಕೊಡುವ ಗುರುತುಸಂಖ್ಯೆಯಿಂದ ಮಾಡಬೇಕು.

ದಿನಾಂಕದ ಬಗ್ಗೆಯೂ ಒಂದು ಮಾತು. ಇಡೀ ರಾತ್ರಿ ಬಯಲಾಟ ನೋಡಿ ನವೆಂಬರ್ 1ರ ಬೆಳಗಿನ 5 ಗಂಟೆಗೆ ಟಿಪ್ಪಣಿ ಬರೆದಿರಿ ಎನ್ನಿ. ನಮ್ಮ ಸಮಯ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಯುಟಿಸಿ ಲೆಕ್ಕದಲ್ಲಿ ಅದು ಅಕ್ಟೋಬರ್ 31ರ ರಾತ್ರಿ 11.30. ಸಮಯವಲಯವನ್ನು ಹೊಂದಿಸದಿದ್ದರೆ ಆ ಟಿಪ್ಪಣಿ ಹಿಂದಿನ ತಿಂಗಳ ಫೋಲ್ಡರ್‌ಗೆ ಸೇರಿಬಿಡುತ್ತದೆ.

ಪ್ರತಿ ಒಂದೇ ದಿಕ್ಕಿನಲ್ಲಿ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎರಡೂ ಕಡೆ ಒಂದೇ ಆಗಿರಲಿ ಎಂದು ಸಿಂಕ್ ಮಾಡಿದರೆ ಒಂದು ಕಡೆ ಕೈತಪ್ಪಿ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ಪ್ರತಿಯ ರೂಪ ಸರಳ ಪಠ್ಯವಾಗಿರಲಿ ಅಥವಾ ವೆಬ್ ಪುಟದ ರೂಪವಾದ ಎಚ್‌ಟಿಎಂಎಲ್ ಆಗಿರಲಿ; ಯಾವ ಕಂಪ್ಯೂಟರ್‌ನಲ್ಲಿಯೂ ತೆರೆಯುತ್ತದೆ.

ಅನುಮತಿಯ ವಿಷಯವನ್ನು ಹಗುರವಾಗಿ ಕಾಣಬಾರದು. ಜೋಡಿಸುವಾಗ ನಾವು ಪಾಸ್‌ವರ್ಡ್ ಕೊಡುವುದಿಲ್ಲ; 2012ರಲ್ಲಿ ಪ್ರಕಟವಾದ ಓಆಥ್ 2.0 ಪದ್ಧತಿಯಂತೆ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಾದ ಒಂದು ಅನುಮತಿಯನ್ನು ಕೊಡುತ್ತೇವೆ. ಇಡೀ ಡ್ರೈವ್ ನೋಡುವ ಅನುಮತಿಯ ಬದಲು, ಆ ಸೇವೆ ತಾನೇ ಮಾಡಿದ ಫೈಲ್‌ಗಳನ್ನು ಮಾತ್ರ ನೋಡುವ ಅನುಮತಿ ಸಿಗುವುದಾದರೆ ಅದನ್ನೇ ಆರಿಸಿಕೊಳ್ಳಿ. ಟಿಪ್ಪಣಿ ನಡುವಿನ ಸೇವೆಯ ಕೈಯಿಂದ ಹಾದುಹೋಗುತ್ತದೆ ಎಂಬುದು ನೆನಪಿರಲಿ. ಹಾಡಿದವರ ಫೋನ್ ನಂಬರ್, ಮನೆಯ ವಿಷಯ, ಅವರು ನಂಬಿ ಹೇಳಿದ ಜಗಳ ಇವು ಆ ದಾರಿಯಲ್ಲಿ ಹೋಗಬಾರದು. ಅವುಗಳಿಗೆ ನಾನು ಬೇರೆ ಕಾಲಂ ಇಟ್ಟು, ಕಳುಹಿಸುವ ಪಟ್ಟಿಯಿಂದ ಆ ಕಾಲಂ ಬಿಟ್ಟಿದ್ದೇನೆ. ಎನ್‌8ಎನ್ ಬಳಸುವವರಿಗೆ ಒಂದು ಸೂಚನೆ: ಗೂಗಲ್‌ನಲ್ಲಿ ನೀವೇ ಮಾಡಿಕೊಂಡ ಸಂಪರ್ಕವನ್ನು 'ಟೆಸ್ಟಿಂಗ್' ಸ್ಥಿತಿಯಲ್ಲಿಯೇ ಬಿಟ್ಟರೆ ಅದರ ಅನುಮತಿ 7 ದಿನಕ್ಕೆ ಮುಗಿದು ಪ್ರತಿ ಹೋಗುವುದು ನಿಲ್ಲುತ್ತದೆ.

ತಿಂಗಳ ಮೊದಲ ಭಾನುವಾರ ನಾನು ಮನೆಯವರ ಫೋನ್ ತೆಗೆದುಕೊಳ್ಳುತ್ತೇನೆ. ಅದರಲ್ಲಿ ನನ್ನ ಟಿಪ್ಪಣಿ ಆ್ಯಪ್ ಇಲ್ಲ. ಡ್ರೈವ್‌ನಿಂದ ಯಾವುದಾದರೂ ಮೂರು ಫೈಲ್ ತೆರೆದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತೇನೆ, ಫೋಟೊ ತೆರೆಯುತ್ತೇನೆ, ಧ್ವನಿ ಕೇಳುತ್ತೇನೆ. ಹತ್ತು ನಿಮಿಷದ ಕೆಲಸ. ಈಗ ನಿಮ್ಮ ಮುಂದೆ ಪರದೆಯ ಮೇಲೆ ಒಂದು ಖಾಲಿ ಟಿಪ್ಪಣಿ ತೆರೆಯುತ್ತೇನೆ. ನಿಮ್ಮಲ್ಲಿ ಯಾರಾದರೂ ಒಂದು ತ್ರಿಪದಿ ಹೇಳಿ. ಅದನ್ನು ಬರೆದು, ಸ್ಥಿತಿ ಬದಲಿಸಿ, ಡ್ರೈವ್‌ಗೆ ಏನು ಬಂತೆಂದು ಒಟ್ಟಿಗೆ ತೆರೆದು ನೋಡೋಣ.