ಹೆಸರು ಚಿಪ್‌ಗಲ್ಲ, ಅದು ಮಾಡುವ ಕೆಲಸಕ್ಕೆ ಇಡಿ

ಮೋಡೆಮ್ ಒಂದೇ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆ ಅದರ ಪೋರ್ಟ್‌ಗೆ ಲಿನಕ್ಸ್ ಇಡುವ ಹೆಸರು ಟಿಟಿವೈಎಎಂಎ0. ಐಎಂಎಕ್ಸ್ ಬೋರ್ಡ್ ಮೇಲೆ ಟಿಟಿವೈಎಂಎಕ್ಸ್‌ಸಿ2. ಯುಎಸ್‌ಬಿಯಲ್ಲಿ ಚುಚ್ಚಿದರೆ ಟಿಟಿವೈಯುಎಸ್‌ಬಿ0. ಈ ಮೂರೂ ಹೆಸರು ನಿಮ್ಮ ಅಪ್ಲಿಕೇಶನ್ ಕೋಡ್‌ನಲ್ಲಿ ಕೂತಿದ್ದರೆ, ಪ್ರತಿ ಹೊಸ ಬೋರ್ಡ್‌ಗೂ ಆ ಕೋಡನ್ನು ಮತ್ತೆ ಬಿಚ್ಚಬೇಕು. ನನ್ನ ಪ್ರಕಾರ ಅಪ್ಲಿಕೇಶನ್‌ಗೆ 'ಮೋಡೆಮ್' ಎಂಬ ಒಂದು ಹೆಸರಷ್ಟೇ ಗೊತ್ತಿರಬೇಕು. ಅದು ಯಾವ ಪಿನ್, ಯಾವ ಪೋರ್ಟ್ ಅನ್ನೋದು ಬೋರ್ಡ್‌ನ ಫೈಲ್‌ಗಳಲ್ಲೇ ಇರಲಿ.

ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳುವ ಫೈಲ್) ಏಲಿಯಾಸ್, ಅಂದರೆ ಅಡ್ಡಹೆಸರು ಹಾಕಿದರೆ ಸಾಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸಾಲದು. ಸೀರಿಯಲ್ ಏಲಿಯಾಸ್ ನಿಗದಿ ಮಾಡುವುದು ಕೊನೆಯ ಅಂಕಿಯನ್ನು ಮಾತ್ರ. ಅಂಕಿಗೆ ಮೊದಲಿನ 'ಟಿಟಿವೈಎಂಎಕ್ಸ್‌ಸಿ' ಡ್ರೈವರ್ ಕೊಡುವ ಹೆಸರು, ಅದು ಹಾಗೇ ಉಳಿಯುತ್ತದೆ. ಎಂಎಂಸಿ, ಅಂದರೆ ಫ್ಲ್ಯಾಶ್ ಸಂಗ್ರಹದ ವಿಷಯದಲ್ಲಿ ಮಾತ್ರ ಏಲಿಯಾಸ್ ನಿಜಕ್ಕೂ ಕೈಹಿಡಿಯುತ್ತದೆ: ಲಿನಕ್ಸ್ 5.10ರಿಂದ ಇಎಂಎಂಸಿ (ಬೋರ್ಡ್‌ಗೆ ಬೆಸೆದ ಸಂಗ್ರಹ ಚಿಪ್) ಮತ್ತು ಎಸ್‌ಡಿ ಕಾರ್ಡ್‌ನ ಅಂಕಿಗಳು ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗದಂತೆ ಕಟ್ಟಿಹಾಕಬಹುದು.

ಉಳಿದದ್ದಕ್ಕೆ ಯುಡೆವ್ (ಸಾಧನ ಕಾಣಿಸಿಕೊಂಡಾಗ ಅದಕ್ಕೆ ಹೆಸರು ಜೋಡಿಸುವ ಲಿನಕ್ಸ್ ಸೇವೆ) ರೂಲ್ ಬೇಕು, ಬೋರ್ಡ್‌ಗೊಂದು ಫೈಲ್. ಅದರಲ್ಲಿ ಸಿಮ್‌ಲಿಂಕ್, ಅಂದರೆ ಮೂಲ ಹೆಸರಿನತ್ತ ತೋರುವ ಇನ್ನೊಂದು ಹೆಸರು ಸೇರಿಸಿ. ಮೂಲ ಹೆಸರನ್ನೇ ಬದಲಿಸಲಾಗದು, ಯುಡೆವ್‌ನ ನೇಮ್ ಕೀಲಿ ನೆಟ್‌ವರ್ಕ್ ಇಂಟರ್‌ಫೇಸ್‌ಗಳಿಗೆ ಮಾತ್ರ ನಡೆಯುತ್ತದೆ. ರೂಲ್ ಬರೆದರೂ ತಾಳೆಯಾಗುತ್ತಿಲ್ಲವೇ? ಒಂದೇ ರೂಲ್‌ನಲ್ಲಿ ಎರಡು ಬೇರೆ ಬೇರೆ ಪೇರೆಂಟ್ ಡಿವೈಸ್‌ಗಳ (ಸಾಧನವು ಜೋಡಣೆಯಾದ ಮೇಲಿನ ಹಂತದ ಸಾಧನಗಳು) ಗುಣಗಳನ್ನು ಬೆರೆಸಿದ್ದೀರಾ ನೋಡಿ. ಎಲ್ಲವೂ ಒಂದೇ ಪೇರೆಂಟ್‌ನಲ್ಲಿ ಸಿಗಬೇಕು, ಇಲ್ಲದಿದ್ದರೆ ದೋಷದ ಸಂದೇಶವೂ ಇಲ್ಲದೆ ರೂಲ್ ಸುಮ್ಮನಿರುತ್ತದೆ. ಇನ್ನು ಯುಎಸ್‌ಬಿಯನ್ನು ಸೀರಿಯಲ್ ಪೋರ್ಟ್ ಆಗಿಸುವ ಸಿಎಚ್340 ಪರಿವರ್ತಕಗಳಲ್ಲಿ ಅನೇಕಕ್ಕೆ ಸೀರಿಯಲ್ ನಂಬರೇ ಇರುವುದಿಲ್ಲ. ಅಂಥವು ಎರಡಿದ್ದರೆ ಯುಎಸ್‌ಬಿ ಪೋರ್ಟ್‌ನ ಜಾಗ ನೋಡಿಯೇ ಗುರುತಿಸಬೇಕು, ಕೇಬಲ್ ಬೇರೆ ಪೋರ್ಟ್‌ಗೆ ಹೋಗದಂತೆ ಲೇಬಲ್ ಅಂಟಿಸಬೇಕು.

ಹೆಚ್ಚು ಪೆಟ್ಟು ಬೀಳುವುದು ಜಿಪಿಐಒದಲ್ಲಿ, ಅಂದರೆ ಪ್ರೋಗ್ರಾಂ ನಿಯಂತ್ರಿಸುವ ಪಿನ್‌ಗಳಲ್ಲಿ. ಪೈಯಲ್ಲಿ ಕರ್ನಲ್ 6.6ಕ್ಕೆ ಬಂದಾಗ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸಾಧನಗಳನ್ನು ಫೈಲ್‌ಗಳಂತೆ ತೋರಿಸುವ ಜಾಗ) ಪಿನ್‌ಗಳ ಎಣಿಕೆ 512ರಿಂದ ಶುರುವಾಯಿತು. ಹಳೆಯ 17 ಈಗ 529. ಅಂಕಿ ನಂಬಿದ್ದ ಸ್ಕ್ರಿಪ್ಟ್‌ಗಳೆಲ್ಲ ಅಲ್ಲೇ ನಿಂತವು. ಡಿವೈಸ್ ಟ್ರೀಯ 'ಜಿಪಿಐಒ-ಲೈನ್-ನೇಮ್ಸ್' ಪಟ್ಟಿಯಲ್ಲಿ 'ಮೋಡೆಮ್-ರೀಸೆಟ್' ಎಂದು ಬರೆದರೆ ಲಿಬ್‌ಜಿಪಿಐಒಡಿ 2 ಲೈಬ್ರರಿಯ ಜಿಪಿಐಒಸೆಟ್ ಆಜ್ಞೆ ಆ ಹೆಸರನ್ನೇ ನೇರ ತೆಗೆದುಕೊಳ್ಳುತ್ತದೆ. ಆದರೆ ಈ ಪಟ್ಟಿ ಸ್ಥಾನದ ಮೇಲೆ ನಿಂತಿದೆ: ಎಣಿಕೆ 0ಯಿಂದ ಶುರುವಾಗುವುದರಿಂದ 17ನೇ ಲೈನ್‌ಗೆ (ಪಿನ್‌ಗೆ) ಹೆಸರಿಡಲು ಅದಕ್ಕಿಂತ ಮೊದಲು 17 ನಮೂದುಗಳಿರಬೇಕು, ಹೆಸರಿಲ್ಲದ ಕಡೆ ಖಾಲಿ ಉದ್ಧರಣ ಚಿಹ್ನೆ. ಒಂದು ಬಿಟ್ಟರೆ ಮುಂದಿನ ಎಲ್ಲ ಹೆಸರೂ ಒಂದು ಪಿನ್ ಹಿಂದೆ ಸರಿಯುತ್ತವೆ, ಆಗ ಮೋಡೆಮ್ ರೀಸೆಟ್ ಮಾಡಲು ಹೋಗಿ ಪಕ್ಕದ ರಿಲೇ ಎಳೆದಿರುತ್ತೀರಿ. ಅದಕ್ಕೇ ಬೂಟ್ ಆದ ಮೇಲೆ ಲೈನ್‌ಗಳ ಹೆಸರು ತೋರಿಸುವ ಜಿಪಿಐಒಇನ್ಫೋ ಆಜ್ಞೆ ಓಡಿಸಿ, ಸ್ಕಿಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಪಕ್ಕಕ್ಕಿಟ್ಟು ಒಂದೊಂದು ಲೈನನ್ನೂ ತಾಳೆ ನೋಡಿ. ಒಂದೇ ಹೆಸರು ಎರಡು ಕಡೆ ಬಂದರೂ ಕರ್ನಲ್ ತಡೆಯುವುದಿಲ್ಲ, ಅದನ್ನು ನೀವೇ ಹಿಡಿಯಬೇಕು.

ಅಪ್ಲಿಕೇಶನ್ ಶುರುವಾಗುವಾಗ 'ಮೋಡೆಮ್' ಸಿಗದಿದ್ದರೆ ಸ್ಪಷ್ಟ ದೋಷ ತೋರಿಸಿ ನಿಲ್ಲಲಿ. ಟಿಟಿವೈಯುಎಸ್‌ಬಿ0 ಇರಬಹುದು ಎಂದು ಊಹಿಸಿ ಮುಂದುವರಿದರೆ, ಮೋಡೆಮ್‌ಗೆ ಹೋಗಬೇಕಾದ ಆಜ್ಞೆಗಳು ಅಲ್ಲಿರುವ ಸೆನ್ಸರ್‌ಗೆ ಹೋಗಬಹುದು.