ಪುಟ್ಟ ಕಾರ್ಡಿನ ಮೇಲೆ ಮಸಿ ಮತ್ತು ಜಲವರ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ ಕಾಗದದ ತುಂಡಿನಲ್ಲಿ ಕೊಪ್ಪಳದ ಕೋಟೆಬೆಟ್ಟವನ್ನು ಮಸಿ ಮತ್ತು ಜಲವರ್ಣದಿಂದ ಹಿಡಿಯುವುದು ಹೇಗೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ಈ ಅಳತೆಯ ಕಾರ್ಡುಗಳನ್ನು ಕೈಯಿಂದ ರಚಿಸಿ ಪರಸ್ಪರ ಬದಲಾಯಿಸಿಕೊಳ್ಳುವ ರೂಢಿಗೆ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ, 1990ರ ದಶಕದ ಉತ್ತರಾರ್ಧದಲ್ಲಿ, ಕಲಾವಿದ ವಾಂಚಿ ಸ್ಟಿರ್ನೆಮನ್ ನಾಂದಿ ಹಾಡಿದರು. ಕಾರ್ಡನ್ನು ಮಾರಬಾರದು, ಕೊಟ್ಟು ಪಡೆಯಬೇಕು ಎಂಬುದು ಅದರ ಮುಖ್ಯ ಕಟ್ಟಳೆ. ಕಲಿಯುವವರಿಗೆ ಈ ಕಟ್ಟಳೆ ದೊಡ್ಡ ಉಪಕಾರವೆಂದೇ ನನ್ನ ಭಾವನೆ. ಬೆಲೆಯ ಲೆಕ್ಕವಿಲ್ಲದ ಕಡೆ ಕೈ ಧೈರ್ಯವಾಗಿ ಆಡುತ್ತದೆ.

ಕಾಗದ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಕದ್ದಾಗಿರಲಿ, ಸಾಧ್ಯವಾದರೆ ಪೂರ್ಣ ಹತ್ತಿಯದಾಗಿರಲಿ. ಇಪ್ಪತ್ತೆರಡಕ್ಕೆ ಮೂವತ್ತು ಅಂಗುಲದ ಒಂದು ಹಾಳೆಯಿಂದ 72 ಕಾರ್ಡುಗಳು ದೊರೆಯುತ್ತವೆ. ಅಂಚಿನಲ್ಲಿ ಉಳಿಯುವ ಒಂದು ಅಂಗುಲದ ಪಟ್ಟಿಯನ್ನು ಎಸೆಯದೆ, ಬಣ್ಣ ಪರೀಕ್ಷಿಸಲು ಇಟ್ಟುಕೊಳ್ಳಬೇಕು.

ನಮ್ಮ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟಿನ ಲೇಪ ಕೊಟ್ಟು, ಅದರ ಮೇಲೆ ದಟ್ಟವಾದ ಬಣ್ಣ ಹಚ್ಚುತ್ತಾರೆ. ಅಲ್ಲಿ ಬಣ್ಣ ತನ್ನ ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಜಲವರ್ಣದ ನಡೆ ಇದಕ್ಕೆ ವಿರುದ್ಧವಾದದ್ದು. ಇಲ್ಲಿ ಬಿಳುಪು ಎಂದರೆ ಕಾಗದದ ಬಿಳುಪೇ ಆದ್ದರಿಂದ, ಬಂಡೆಯ ನೆತ್ತಿಯ ಮೇಲೆ ಬಿಸಿಲು ಬೀಳುವ ಜಾಗವನ್ನು ಕುಂಚ ಎತ್ತುವ ಮೊದಲೇ ನಿರ್ಧರಿಸಿ ಹಾಗೆಯೇ ಬಿಡಬೇಕಾಗುತ್ತದೆ. ಕಿನ್ನಾಳದ ಕೆಲಸವನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಈ ವ್ಯತ್ಯಾಸವನ್ನು ಮೊದಲ ದಿನವೇ ತೋರಿಸಿಕೊಟ್ಟರೆ ಒಳ್ಳೆಯದು.

ಬಂಡೆಯ ಬಣ್ಣಕ್ಕೆ ಕಪ್ಪು ಬೆರೆಸುವ ಅಗತ್ಯವಿಲ್ಲ. ಅಲ್ಟ್ರಾಮರೀನ್ ನೀಲಿಯನ್ನೂ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನೂ ಕೂಡಿಸಿದರೆ ಜೀವವುಳ್ಳ ಬೂದುಬಣ್ಣ ಬರುತ್ತದೆ. ಕಂದು ಹೆಚ್ಚಾದಲ್ಲಿ ಅದು ಬಿಸಿಲಿನ ಬಂಡೆ, ನೀಲಿ ಹೆಚ್ಚಾದಲ್ಲಿ ನೆರಳಿನ ಬಂಡೆ. ಅಲ್ಟ್ರಾಮರೀನಿನ ಕಣಗಳು ತರಿತರಿಯಾದ ಕಾಗದದ ತಗ್ಗುಗಳಲ್ಲಿ ತಂಗಿ ಕೂರುವುದರಿಂದ, ಆನೆಗೊಂದಿಯ ಗ್ರಾನೈಟ್ ಕಣಶಿಲೆಯ ಒರಟುತನ ಬರೆಯದೆಯೇ ತಾನಾಗಿ ಮೂಡುತ್ತದೆ. ನುಣುಪು ಕಾಗದದಲ್ಲಿ ಈ ಗುಣ ಅಷ್ಟಾಗಿ ಕಾಣುವುದಿಲ್ಲ.

ನಮ್ಮ ಸೀಮೆಯ ಒಣಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಲ್ಲಿ ಜಲವರ್ಣ ಮಾಡಲಾಗದು. ಮಲೆನಾಡಿನಲ್ಲಿ ನಿಧಾನವಾಗಿ ಹರಡುವ ಬಣ್ಣ, ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಹರಡುವ ಮುನ್ನವೇ ಆರಿ, ಗಟ್ಟಿ ಅಂಚು ಬಿಟ್ಟುಹೋಗುತ್ತದೆ. ಒದ್ದೆಯ ಮೇಲೆ ಒದ್ದೆ ಬಣ್ಣ ಬಿಡುವ ವಿಧಾನ ಬೇಕಿದ್ದರೆ, ಕಾರ್ಡಿನ ಎರಡೂ ಬದಿಗೆ ನೀರು ಹಚ್ಚಿ, ಗಾಜಿನ ತಟ್ಟೆಯ ಮೇಲೆ ಅಂಟಿಸಿದಂತೆ ಒತ್ತಿ ಇಡಬೇಕು. ಕೆಳಗಿನ ತೇವ ಮೇಲಿನ ಬಣ್ಣವನ್ನು ಹೆಚ್ಚು ಹೊತ್ತು ಹಸಿಯಾಗಿಯೇ ಇಡುತ್ತದೆ. ಫ್ಯಾನು ಆರಿಸಿ, ಬೆಳಗಿನ ಹೊತ್ತಿನಲ್ಲಿ ಕೂರುವುದು ಇನ್ನೂ ಒಳಿತು. ಲೇಪದ ಹೊಳಪು ಇಳಿಯುತ್ತಿರುವ ಕ್ಷಣದಲ್ಲಿ ನಾಲ್ಕು ಕಲ್ಲುಪ್ಪಿನ ಹರಳು ಉದುರಿಸಿದರೆ, ಉಪ್ಪು ನೀರನ್ನು ತನ್ನೆಡೆಗೆ ಎಳೆದುಕೊಂಡು, ಬಂಡೆಯ ಮೇಲಿನ ಕಲ್ಲುಹೂವಿನಂಥ ಮಚ್ಚೆಗಳನ್ನು ಮೂಡಿಸುತ್ತದೆ. ಪೂರ್ತಿ ಆರಿದ ಮೇಲೆ ಹರಳುಗಳನ್ನು ಒರೆಸಿ ತೆಗೆಯಬೇಕು. ಅದೇ ಒಣಹವೆ ಒಣಕುಂಚದ, ಅಂದರೆ ನೀರು ಕಡಿಮೆಯಿರುವ ಕುಂಚದಿಂದ ಬಣ್ಣ ತೀಡುವ ಕೆಲಸಕ್ಕೆ ಮಾತ್ರ ಅನುಕೂಲವೇ.

ಇನ್ನು ಮಸಿ. ಅರಗು ಬೆರೆತ ಇಂಡಿಯನ್ ಇಂಕ್ ಒಮ್ಮೆ ಆರಿದರೆ ನೀರಿಗೆ ಜಗ್ಗುವುದಿಲ್ಲ, ಮೇಲೆ ಎಷ್ಟು ಬಣ್ಣ ಹರಿಸಿದರೂ ಗೆರೆ ಗೆರೆಯಾಗಿಯೇ ನಿಲ್ಲುತ್ತದೆ. ಅದನ್ನು ಅದ್ದಿ ಬರೆಯುವ ನಿಬ್ಬಿನಲ್ಲಿ ಬಳಸಬೇಕೇ ಹೊರತು ಫೌಂಟನ್ ಪೆನ್ನಿಗೆ ತುಂಬಬಾರದು, ಒಳಗೆ ಕಟ್ಟಿಕೊಳ್ಳುತ್ತದೆ. ಫೌಂಟನ್ ಪೆನ್ನಿನ ಸಾಧಾರಣ ಮಸಿ ನೀರು ತಾಗಿದೊಡನೆ ಕರಗುತ್ತದೆ, ಮತ್ತು ಆ ಕರಗುವಿಕೆಯೇ ಅದರ ಸೊಗಸು. ಗೆರೆಯ ಒಂದೇ ಬದಿಗೆ ಒದ್ದೆ ಕುಂಚ ತಾಗಿಸಿದರೆ ನೆರಳು ಆ ಕಡೆಗೆ ಮಾತ್ರ ಇಳಿಯುತ್ತದೆ. ಕೆಲವು ಕಪ್ಪು ಮಸಿಗಳು ಆಗ ಒಡೆದು ನೀಲಿ, ನೇರಳೆ ಛಾಯೆಗಳನ್ನು ಹೊರಗೆಡವುತ್ತವೆ. ಆದರೆ ಇಂಥ ಮಸಿಗಳಲ್ಲಿ ಬಹುಪಾಲು ಬಿಸಿಲಿಗೆ ಮಾಸುವಂಥವು. ಆ ಕಾರ್ಡುಗಳನ್ನು ಗೋಡೆಗೆ ಹಾಕದೆ ಪೆಟ್ಟಿಗೆಯಲ್ಲಿಡಬೇಕು.

ಮೊದಲು ಗೆರೆಯೋ, ಮೊದಲು ಬಣ್ಣವೋ? ದೊಡ್ಡ ಚಿತ್ರದಲ್ಲಿ ಎರಡೂ ನಡೆಯುತ್ತದೆ. ಪುಟ್ಟ ಕಾರ್ಡಿನಲ್ಲಿ ಬಣ್ಣವೇ ಮೊದಲು ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಗೆರೆ ಮೊದಲಾದರೆ ಬಣ್ಣ ಅದರ ಬೇಲಿಯೊಳಗೆ ಸಿಕ್ಕಿಬೀಳುತ್ತದೆ, ಪ್ರತಿ ಬಂಡೆಗೂ ಸುತ್ತುಗೆರೆ ಎಳೆದ ಕಾರ್ಡು ಕಪ್ಪು ಜಾಲವಾಗಿ ಕಾಣುತ್ತದೆ. ಬಣ್ಣ ಆರಿದ ಮೇಲೆ ನೋಡಿದರೆ ಬೆಟ್ಟದ ಅರ್ಧ ಕೆಲಸ ಮುಗಿದೇ ಇರುತ್ತದೆ. ಬಂಡೆಯ ಮೇಲೆ ಬಂಡೆ ಕೂತ ಆ ಸಂದಿನ ಕತ್ತಲೆಗೆ, ಕೋಟೆಗೋಡೆಯ ಒಂದು ಮೂಲೆಗೆ ಮಾತ್ರ ನಿಬ್ಬು ತಾಗಿಸಿದರೆ ಸಾಕು.

ಕೊನೆಯದಾಗಿ, ಕಾರ್ಡಿನ ಬೆನ್ನಿಗೆ ಹೆಸರು, ಊರು, ತಾರೀಖುಗಳ ಜೊತೆಗೆ, ಬಳಸಿದ ಕಾಗದ, ಮಸಿ, ಬಣ್ಣಗಳನ್ನೂ ಅವುಗಳ ಸರದಿಯನ್ನೂ ಪೆನ್ಸಿಲಿನಲ್ಲಿ ಬರೆದಿಡಿ. ಅಂಚೆಯಲ್ಲಿ ಅದನ್ನು ಪಡೆದವರು ಅದೇ ಕ್ರಮವನ್ನು ತಮ್ಮ ಊರಿನ ಹವೆಯಲ್ಲಿ ಮಾಡಿ ನೋಡಿ, ತಮಗೆ ಏನು ಬಂತೆಂಬುದನ್ನು ಮರುಟಪಾಲಿನಲ್ಲಿ ಕಳಿಸಬಹುದು. ನಮಸ್ಕಾರ.