ಬಣ್ಣ ಹೇಗಿತ್ತು ಹೇಳು

ಕೇಳುಗರಿಗೆ ನಮಸ್ಕಾರ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಸ್ವಲ್ಪ ಸಂಶೋಧನೆ. ಇವತ್ತು ಹೇಳಲು ಹೊರಟಿರುವುದು ನನ್ನದೇ ಒಂದು ಪೆದ್ದುತನದ ಕಥೆ.

ಮೂರು ವರ್ಷದ ಹಿಂದಿನ ಮಾತು. ಮಳೆಗಾಲ. ಹೊಸದುರ್ಗದ ಕಡೆಯ ಒಬ್ಬ ರೈತರ ದಾಳಿಂಬೆ ತೋಟದಿಂದ ಎಲೆ ತಂದಿದ್ದೆ. ಎಲೆ ತುಂಬ ಎಣ್ಣೆ ಹನಿಸಿದಂಥ ಚುಕ್ಕೆ. ದುಂಡಾಣು ಅಂಗಮಾರಿ ಅಂತಾರಲ್ಲ, ಆ ರೋಗ. ಚುಕ್ಕೆ ಕಾಯಿಗೆ ಬಂದರೆ ಕಾಯಿ ಸೀಳಿ ಹೋಗುತ್ತದೆ, ವರ್ಷದ ದುಡಿಮೆ ನೆಲದ ಪಾಲು. ಇದಕ್ಕೆ ಕಾರಣ ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಎಲೆಯೊಳಗೆ ಅದರ ಡಿಎನ್‌ಎ ಇದೆಯಾ ಇಲ್ಲವಾ ಅಂತ ನೋಡುವುದು ನನ್ನ ಕೆಲಸವಾಗಿತ್ತು.

ಹಾಗೆ ನೋಡುವ ವಿಧಾನಕ್ಕೆ ಪಿಸಿಆರ್ ಅಂತ ಹೆಸರು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡಿದ್ದೆವಲ್ಲ, ಅದೇ ಜಾತಿಯ ಪರೀಕ್ಷೆ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಅವರಿಗೆ ಹೊಳೆದದ್ದು. ಹತ್ತು ವರ್ಷಕ್ಕೆ, 1993ರಲ್ಲಿ, ನೊಬೆಲ್ ಕೂಡ ಬಂತು. ಕಿರುಬೆರಳಿಗಿಂತ ಸಣ್ಣ ಟ್ಯೂಬು. ಅದನ್ನು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಟ್ಟುಕೊಳ್ಳುತ್ತವೆ. 55ರ ಆಸುಪಾಸಿಗೆ ಇಳಿಸಿದರೆ ಪ್ರೈಮರ್ ಅನ್ನುವ ಪುಟ್ಟ ಡಿಎನ್‌ಎ ಚೂರು ಹೋಗಿ ತನ್ನ ಜಾಗ ಹುಡುಕಿ ಕೂರುತ್ತದೆ. 72ಕ್ಕೆ ಏರಿಸಿದರೆ ಟಾಕ್ ಎಂಬ ಕಿಣ್ವ ಹೊಸ ಎಳೆ ಹೊಸೆಯುತ್ತದೆ. ಒಂದಿದ್ದದ್ದು ಎರಡಾಯಿತು. ಹೀಗೆ 30 ಸುತ್ತು ಹಾಕಿದರೆ, ಲೆಕ್ಕದ ಪ್ರಕಾರ, ಒಂದು ಚೂರು ನೂರು ಕೋಟಿ ದಾಟುತ್ತದೆ. ಅಷ್ಟಾದ ಮೇಲೆ ಜೆಲ್ ಅನ್ನುವ ಮೆತ್ತನೆ ಹಲ್ಲೆಯಲ್ಲಿ ಕರೆಂಟ್ ಕೊಟ್ಟು ಓಡಿಸಿ, ಬಣ್ಣ ಹಿಡಿಸಿ, ಯುವಿ ಬೆಳಕಿನಲ್ಲಿ ನೋಡಿದರೆ ಹೊಳೆಯುವ ಒಂದು ಗೆರೆ. ನಾವು ಅದಕ್ಕೆ ಬ್ಯಾಂಡ್ ಅಂತೀವಿ.

ನನಗೆ ಬ್ಯಾಂಡ್ ಬರಲಿಲ್ಲ.

ಡಿಎನ್‌ಎ ಸಾಲಲಿಲ್ಲವೇನೋ ಅಂತ ಒಂದು ಮೈಕ್ರೋಲೀಟರ್ ಹಾಕುತ್ತಿದ್ದಲ್ಲಿ ಎರಡು ಹಾಕಿದೆ. ಆಮೇಲೆ ಐದು. ಊಹೂಂ. ಮೂರು ವಾರ ಹೀಗೇ ಹೋಯಿತು. ಯಾರನ್ನೂ ಕೇಳಲಿಲ್ಲ. ಯಾಕೆ ಅಂದರೆ, ಹಿಂದೆ ಒಮ್ಮೆ ಒಂದು ತರಬೇತಿಯಲ್ಲಿ ಕೈ ಎತ್ತಿ ಏನೋ ಕೇಳಿದ್ದೆ. ಪಾಠ ಮಾಡುತ್ತಿದ್ದವರು ನಲವತ್ತು ಜನರ ಮುಂದೆ, "ಇಷ್ಟೂ ಗೊತ್ತಿಲ್ದೆ ಮಕ್ಕಳಿಗೆ ಪಾಠ ಮಾಡ್ತೀರಾ?" ಅಂದಿದ್ದರು. ಆ ಮಾತು ಎಷ್ಟು ವರ್ಷ ಕಿವಿಯಲ್ಲಿ ಉಳಿಯುತ್ತದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಕೊನೆಗೆ ನನ್ನ ಸೀನಿಯರ್ ಒಬ್ಬರಿಗೆ ಬರೆದೆ. ಪಿಎಚ್‌ಡಿ ಮಾಡುವಾಗ ನನಗಿಂತ ಮೂರು ವರ್ಷ ಮುಂದಿದ್ದವರು, ಈಗ ಬೆಂಗಳೂರಿನ ಒಂದು ಲ್ಯಾಬಿನಲ್ಲಿದ್ದಾರೆ. ನಾನು ಅಕ್ಕ ಅಂತಲೇ ಕರೆಯುವುದು. ವಾಟ್ಸಾಪಿನಲ್ಲಿ ಕಳಿಸಿದ್ದು ಇಷ್ಟೇ: "ಅಕ್ಕಾ, ಪಿಸಿಆರ್ ಬರ್ತಿಲ್ಲ. ಏನ್ ಮಾಡ್ಲಿ?"

ಅವರ ಉತ್ತರ: "ಡಾಕ್ಟರ ಹತ್ರ ಹೋಗಿ ಹುಷಾರಿಲ್ಲ ಅಂದು ಸುಮ್ನೆ ಕೂತ್ರೆ ಅವರೇನು ಮಾಡ್ಬೇಕು? ಯಾವ ಎಲೆ? ಯಾವ ಪ್ರೋಟೊಕಾಲ್? ಕಂಟ್ರೋಲ್ ಬಂತಾ? ಜೆಲ್ ಫೋಟೋ ಕಳ್ಸು."

ಕಳಿಸಿದೆ. ನನ್ನ ಸ್ಯಾಂಪಲ್ ಇದ್ದ ನಾಲ್ಕು ಲೇನ್, ಅಂದರೆ ಜೆಲ್ಲಿನ ನಾಲ್ಕು ಸಾಲು, ಮಾತ್ರ ಉಳಿಸಿ, ಮಿಕ್ಕಿದ್ದನ್ನು ಕತ್ತರಿಸಿ, ಚೆಂದ ಮಾಡಿ ಕಳಿಸಿದೆ. ಬೈದರು. "ಪೂರ್ತಿ ಫೋಟೋ ಕಳ್ಸು. ನೀನು ಬೇಡ ಅಂತ ಕತ್ತರಿಸಿದ್ದೇ ನಂಗೆ ಬೇಕಾಗಿರೋದು." ನಿಜವೇ. ಪಕ್ಕದಲ್ಲಿದ್ದ ಪಾಸಿಟಿವ್ ಕಂಟ್ರೋಲ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎ ಖಂಡಿತ ಇರುವ ಟ್ಯೂಬಿನಲ್ಲಿ, ಬ್ಯಾಂಡ್ ಚೆನ್ನಾಗಿ ಬಂದಿತ್ತು. ಹಾಗಾದರೆ ಕಿಣ್ವ ಸರಿ ಇದೆ, ಪ್ರೈಮರ್ ಸರಿ ಇದೆ, ಮಷಿನ್ನೂ ಸರಿ ಇದೆ. ತಂಟೆ ಇರುವುದು ನನ್ನ ಎಲೆಯ ಡಿಎನ್‌ಎಯಲ್ಲೇ. ಮೂರು ವಾರದಿಂದ ಆ ಫೋಟೋ ನನ್ನ ಕಣ್ಣ ಮುಂದೇ ಇತ್ತು.

ಆಮೇಲೆ ಅವರು ಕೇಳಿದ್ದು: "ಡಿಎನ್‌ಎ ಬಣ್ಣ ಹೇಗಿತ್ತು ಹೇಳು."

ಕಂದು. ತಳದಲ್ಲಿ ಉಳಿದ ಕಾಫಿ ಗಸಿಯ ಹಾಗೆ. ಶುದ್ಧ ಡಿಎನ್‌ಎ ನೀರಿನ ಹಾಗೆ ತಿಳಿಯಾಗಿರಬೇಕು. ಬಣ್ಣವನ್ನು ನಾನು ನೋಡಿದ್ದೆ, ಆದರೆ ಹೇಳುವಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ದಾಳಿಂಬೆ ಸುಲಿದವರಿಗೆ ಗೊತ್ತು, ಸಿಪ್ಪೆಯ ಒಗರು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಚನ್ನಗಿರಿ ಕಡೆ ಅಡಿಕೆ ಬೇಯಿಸುವವರಿಗೆ ಚೊಗರು ಅಂದರೆ ಇನ್ನೂ ಬೇಗ ಅರ್ಥವಾದೀತು. ಗಿಡದೊಳಗಿನ ಆ ಒಗರು ಪದಾರ್ಥಗಳಿಗೆ ಪಾಲಿಫೀನಾಲ್ ಅಂತ ಹೆಸರು. ಎಲೆ ಅರೆದು ಗಾಳಿ ತಾಗಿದ ಕೂಡಲೇ ಕಂದಾಗುತ್ತವೆ, ಡಿಎನ್‌ಎಗೆ ಅಂಟಿಕೊಂಡು ಟ್ಯೂಬಿಗೂ ಬರುತ್ತವೆ. ಬಂದರೆ ಕಿಣ್ವದ ಕೈ ಕಟ್ಟಿ ಹಾಕುತ್ತವೆ. ನಾನು ಡಿಎನ್‌ಎ ಜಾಸ್ತಿ ಹಾಕಿದಷ್ಟೂ ಚೊಗರನ್ನೂ ಜಾಸ್ತಿ ಹಾಕುತ್ತಿದ್ದೆ!

ಅಕ್ಕ ಹೇಳಿದರು ಅಂತ ನಂಬಿಬಿಡಲಿಲ್ಲ. ನಂಬಬೇಡ ಅಂತ ಅವರೇ ಹೇಳಿದ್ದರು. ಒಂದು ಪರೀಕ್ಷೆ ಹೇಳಿಕೊಟ್ಟರು. ಚೆನ್ನಾಗಿ ಬರುತ್ತಿರುವ ಪಾಸಿಟಿವ್ ಕಂಟ್ರೋಲ್ ಟ್ಯೂಬಿಗೆ ನಿನ್ನ ಕಂದು ಡಿಎನ್‌ಎ ಒಂದು ಮೈಕ್ರೋಲೀಟರ್ ಸೇರಿಸಿ ಓಡಿಸು ಅಂದರು. ಓಡಿಸಿದೆ. ಇದ್ದ ಬ್ಯಾಂಡೂ ಮಾಯ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಮರುದಿನ ಡಿಎನ್‌ಎ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ತೆಳು ಮಾಡಿದೆ. ಸಂಜೆ ಐದೂವರೆಗೆ ಜೆಲ್ ನೋಡಿದರೆ ಬ್ಯಾಂಡ್ ಬಂದಿತ್ತು. ಐದು ಮೈಕ್ರೋಲೀಟರ್ ಹಾಕಿದಾಗ ಬಾರದ್ದು ಹತ್ತನೇ ಒಂದು ಪಾಲಿಗೆ ಬಂತು. ಡಿಎನ್‌ಎ ಅಷ್ಟು ಕಡಿಮೆಯಾದರೂ 30 ಸುತ್ತಿನಲ್ಲಿ ಬೆಳೆದುಕೊಳ್ಳುತ್ತದೆ, ಚೊಗರು ಮಾತ್ರ ಬೆಳೆಯುವುದಿಲ್ಲ. ಈಗ ನಾವು ಎಲೆ ಅರೆಯುವಾಗಲೇ ಪಿವಿಪಿ ಅನ್ನುವ ಪುಡಿ ಹಾಕುತ್ತೇವೆ, ಅದು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದಷ್ಟು ಎಳೆ ಎಲೆಯನ್ನೇ ಆರಿಸುತ್ತೇವೆ.

ಈಗ ನನಗೂ ಫೋನ್ ಬರುತ್ತವೆ. ಚಿತ್ರದುರ್ಗದಿಂದ ಒಬ್ಬ ಹುಡುಗ, "ಮೇಡಂ, ಬರೀ ನೀರು ಹಾಕಿದ ಟ್ಯೂಬಲ್ಲೂ ಬ್ಯಾಂಡ್ ಬಂದಿದೆ, ಆ ಲೇನ್ ಬಿಟ್ಟು ರಿಪೋರ್ಟ್ ಬರೀಲಾ?" ಅಂದ. ಬೇಡಪ್ಪಾ ಅಂದೆ. ನೀರಿನಲ್ಲಿ ಬಂತು ಅಂದರೆ ಎಲ್ಲೋ ಹಳೆಯ ಡಿಎನ್‌ಎ ಸೇರಿಕೊಂಡಿದೆ. ನೀರು, ಪಿಪೆಟ್ಟಿನ ತುದಿ, ಟ್ಯೂಬು ಎಲ್ಲ ಹೊಸದು ತೆಗೆದುಕೊಂಡು ಮತ್ತೆ ಮಾಡಬೇಕು. ಇನ್ನೊಬ್ಬಳು ರಾತ್ರಿ ಎಂಟಕ್ಕೆ, "ಮೇಡಂ, ಜೆಲ್ಲಲ್ಲಿ ಏನೂ ಇಲ್ಲ, ನೀಲಿ ಬಣ್ಣ ಕೂಡ ಕಾಣ್ತಿಲ್ಲ" ಅಂದಳು. ಡಿಎನ್‌ಎ ಎಲ್ಲಿಗೆ ಓಡಿದೆ ಅಂತ ತಿಳಿಯಲು ಜೊತೆಗೆ ಹಾಕುವ ಬಣ್ಣ ಅದು. ಕೆಂಪು ವೈರ್ ಯಾವ ಕಡೆಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. ಡಿಎನ್‌ಎ ನೆಗೆಟಿವ್, ಯಾವಾಗಲೂ ಕೆಂಪಿನ, ಅಂದರೆ ಪಾಸಿಟಿವ್, ಕಡೆ ಓಡುತ್ತದೆ. ವೈರ್ ಉಲ್ಟಾ ಸಿಕ್ಕಿಸಿದ್ದಳು, ಡಿಎನ್‌ಎ ಹಿಂದಕ್ಕೆ ಓಡಿ ಜೆಲ್ ದಾಟಿ ನೀರುಪಾಲು. ನಾನೂ ಒಮ್ಮೆ ಹೀಗೆ ಮಾಡಿದ್ದೆ ಅಂತ ಅವಳಿಗೆ ಹೇಳಿದೆ. ಹೇಳಬೇಕು ಅನ್ನಿಸಿತು.

ಒಂದು ಎಚ್ಚರಿಕೆ ಮಾತ್ರ. ನಮ್ಮೂರಲ್ಲಿ ಆಸ್ಪತ್ರೆಗಳು ಜಾಸ್ತಿ, ರೋಗಿಗಳ ಸ್ಯಾಂಪಲ್ ಮೇಲೆ ಕೆಲಸ ಮಾಡುವವರೂ ಇದ್ದಾರೆ. ಟ್ಯೂಬಿನ ಮೇಲೆ ರೋಗಿಯ ಹೆಸರಿದ್ದರೆ ಆ ಫೋಟೋ ಯಾರಿಗೂ ಕಳಿಸಬಾರದು.

ಹೀಗೆ ಕೇಳಿ ಹೇಳಿಕೊಳ್ಳುವುದು ವಾಟ್ಸಾಪ್ ಬಂದ ಮೇಲೆ ಶುರುವಾದದ್ದಲ್ಲ. ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿ ಕಡೆ ಹೋದರೆ ಮೆಕ್ಕೆಜೋಳದ ರಾಶಿ ಕಾಣುತ್ತದಲ್ಲ, ನನಗೆ ಆಗೆಲ್ಲ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಮರ್ಸನ್ ನೆನಪಾಗುತ್ತಾರೆ. ಮೆಕ್ಕೆಜೋಳದ ತಳಿಶಾಸ್ತ್ರದ ಮೇಷ್ಟ್ರು ಅವರು. 1930ರ ದಶಕದಲ್ಲಿ ಅವರೂ ಅವರ ಜೊತೆಯವರೂ ಇನ್ನೂ ಅಚ್ಚಾಗದ ತಮ್ಮ ಫಲಿತಾಂಶಗಳನ್ನು ಪತ್ರದಲ್ಲಿ ಬರೆದು ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಬೀಜವನ್ನೂ ಹಂಚಿಕೊಳ್ಳುತ್ತಿದ್ದರು. ಕಾರ್ನೆಲ್‌ನ ಆ ಗುಂಪಿನಲ್ಲೇ ಬೆಳೆದವರು ಬಾರ್ಬರಾ ಮೆಕ್ಲಿಂಟಾಕ್. ಮೆಕ್ಕೆಜೋಳದ ಕಾಳಿನ ಬಣ್ಣ ನೋಡುತ್ತಾ ನೋಡುತ್ತಾ ಜಾಗ ಬದಲಿಸುವ ಜೀನ್ ಕಂಡುಹಿಡಿದು 1983ರಲ್ಲಿ ನೊಬೆಲ್ ಪಡೆದರು. ಅವರಿಗೂ ಬಣ್ಣವೇ ದಾರಿ ತೋರಿಸಿತು ನೋಡಿ.

ಬ್ಯಾಂಡ್ ಬಂದ ದಿನ ಹೊಸದುರ್ಗದ ಆ ರೈತರೇ ಫೋನ್ ಮಾಡಿದರು. "ಏನಾತು ಮೇಡಮ್ಮಾರೆ ನಮ್ ಎಲೆ?" ಅಂದರು. ಅಂಗಮಾರಿಯೇ ಅಂತ ಹೆಮ್ಮೆಯಿಂದ ಹೇಳಿದೆ. "ಅದು ಚುಕ್ಕೆ ನೋಡಿದ್ ದಿನಾನೇ ನಮಗೆ ಗೊತ್ತಿತ್ತಲ್ಲ. ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ" ಅಂದರು. ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು: "ಸಸಿ ತರೋವಾಗ, ಇನ್ನೂ ಚುಕ್ಕೆ ಬರೋಕ್ ಮುಂಚೆ, ಒಳಗೆ ರೋಗ ಐತೋ ಇಲ್ವೋ ಅಂತ ಹೇಳೋಕಾಗುತ್ತಾ? ಅದನ್ನ ಹೇಳಿ."

ರೋಗ ಹೊತ್ತ ಸಸಿಯಿಂದಲೂ ಇದು ತೋಟದಿಂದ ತೋಟಕ್ಕೆ ಹೋಗುತ್ತದೆ. ಹಾಗಾಗಿ ಅವರು ಕೇಳಿದ್ದು ನಾನು ಕೇಳಿಕೊಂಡದ್ದಕ್ಕಿಂತ ಒಳ್ಳೆಯ ಪ್ರಶ್ನೆ. ಸಸಿಯಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇರುತ್ತದೆ, ತೆಳು ಮಾಡಿದರೆ ಅದೂ ಕೈತಪ್ಪಿ ಹೋದೀತು, ಮಾಡದಿದ್ದರೆ ಚೊಗರು ಬಿಡುವುದಿಲ್ಲ. ಈ ಇಕ್ಕಟ್ಟಿನಲ್ಲೇ ಈಗ ನಮ್ಮ ಕೆಲಸ ನಿಂತಿದೆ. ಹೋದ ವಾರ ಅಕ್ಕನಿಗೆ ಮತ್ತೆ ಬರೆದಿದ್ದೇನೆ. ಎಲೆ ಎಷ್ಟು ದಿನದ್ದು, ಪಿವಿಪಿ ಎಷ್ಟು ಹಾಕಿದೆ, ಡಿಎನ್‌ಎ ಯಾವ ಬಣ್ಣಕ್ಕಿತ್ತು, ಎಲ್ಲ ಬರೆದು, ಫೋಟೋ ಕತ್ತರಿಸದೆ. ವಾಟ್ಸಾಪಿನಲ್ಲಿ ಎರಡು ನೀಲಿ ಟಿಕ್ ಬಂದಿವೆ, ಉತ್ತರ ಇನ್ನೂ ಬಂದಿಲ್ಲ.

ನಮಸ್ಕಾರ.